ಉಜ್ವಲಾಳಿಗೆ ಬಿಳಿ ಕಲೆ ಬರಲಿಲ್ಲ

ಬನಹಟ್ಟಿ,
೯ ಫೆಬ್ರವರಿ ೨೦೨೫

ಪ್ರೀತಿಯ ತಂಗಿ ಉಜ್ವಲಾ,

ನಿನ್ನ ಮಂಡಿ ನೋವು ಈಗ ಹೇಗಿದೆ? ಮಗಳು ಶ್ರೀದೇವಿಯ ನಿಶ್ಚಯದ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಇಲ್ಲಿ ಅವ್ವನ ಕೆಮ್ಮು ಕಡಿಮೆಯಾಗಿದೆ. ನನಗೆ ಮಾತ್ರ ದಣಿವು. ಮಗ್ಗ ನಿಂತರೂ ಕಿವಿಯೊಳಗೆ ಅದರ ಸದ್ದು ನಿಲ್ಲುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಪಕ್ಕ ಯಾವಾಗಲೂ ಯಾರಾದರೂ ಕೂತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಜಮಖಂಡಿಗೆ ಚರ್ಮದ ಡಾಕ್ಟರರ ಹತ್ತಿರ ಹೋಗಿದ್ದೆ. ಕೈಮೇಲಿನ ಬಿಳಿ ಕಲೆ ಈಗ ತುಟಿಯ ಅಂಚಿಗೂ ಬಂದಿದೆ. ಬೇಡವೆಂದರೂ ಅವ್ವ ಜೊತೆಗೆ ಬಂದಳು. ಎಷ್ಟು ಲೇಪ, ಎಷ್ಟು ಪಥ್ಯ, ಎಷ್ಟು ಹರಕೆ ಆಯಿತೆಂದು ನಿನಗೆ ಗೊತ್ತು; ಏನೂ ಆಸೆಯಿಟ್ಟುಕೊಳ್ಳದೆ ಕೂತಿದ್ದೆ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಡಾಕ್ಟರಮ್ಮ ಕೇಳಿದರು. ಅವಳಿ ತಂಗಿ ಇದ್ದಾಳೆ, ಚಿಕ್ಕವರಿದ್ದಾಗ ಯಾರಿಗೂ ಗುರುತು ಹತ್ತದಷ್ಟು ಒಂದೇ ಥರ ಇದ್ದೆವು, ಅವಳಿಗೆ ಒಂದು ಚುಕ್ಕೆಯೂ ಇಲ್ಲ ಎಂದೆ. “ನಿಮ್ಮಿಬ್ಬರ ಜೀನ್ ಒಂದ ಅದಾವ್ರಿ. ಆದ್ರ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೂ ಗುರುತು ಅದರ ಮ್ಯಾಲ ಇರತಾವು. ನಾವು ಬಾಳಿ ಬದುಕಿದಂಗ ಆ ಗುರುತು ಬದಲಾಗತಾವು,” ಎಂದರು. ಮೈ ಕಾಯಬೇಕಾದ ಜೀವಕೋಶಗಳೇ ದಾರಿ ತಪ್ಪಿ ಬಣ್ಣ ಕೊಡುವ ಕೋಶಗಳನ್ನು ಕೊಲ್ಲುತ್ತವಂತೆ. ನನ್ನಲ್ಲಿ ಅದು ಶುರುವಾದದ್ದು ವರ್ಷಗಟ್ಟಲೆ ನೂಲಿಗೆ ಬಣ್ಣ ಹಾಕಿದ್ದಕ್ಕೋ, ಯಜಮಾನರು ತೀರಿಹೋದ ಮೇಲಿನ ಚಿಂತೆಗೋ, ಖಚಿತವಾಗಿ ಹೇಳಲಾಗದು, ಇನ್ನೂ ಸಂಶೋಧನೆ ನಡೆದಿದೆ ಎಂದರು. ಮನೆತನದಲ್ಲಿ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸ್ವಲ್ಪ ಇರಬಹುದು, ಆದರೆ ಬಂದೇ ಬರುತ್ತದೆ ಎಂದಲ್ಲ, ಮುಟ್ಟಿದರಂತೂ ಹತ್ತುವುದಿಲ್ಲ ಎಂದೂ ಹೇಳಿದರು.

ಅಲ್ಲಿಯವರೆಗೆ ಸೆರಗು ಬಾಯಿಗಿಟ್ಟು ಕೂತಿದ್ದ ಅವ್ವ, “ಹಂಗಾದ್ರ ಇದು ನನ್ನ ಹೊಟ್ಟಿ ದೋಷ ಅಲ್ಲೇನ್ರಿ?” ಎಂದಳು. “ಅಲ್ರಿ ಅಜ್ಜಿ, ಯಾರ ದೋಷಾನೂ ಅಲ್ಲ,” ಎಂದರು ಡಾಕ್ಟರಮ್ಮ. ಉಜ್ವಲಾ, ನಾವು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವ್ವ ಮಗ್ಗದ ಮುಂದೆ ಕೂತು ನೇಯ್ದಿದ್ದಳಂತೆ. ಇಷ್ಟು ವರ್ಷ ಅದನ್ನೇ ಎದೆಯೊಳಗಿಟ್ಟುಕೊಂಡು ಕೊರಗಿದ್ದಾಳೆ, ಬಸ್ಸಿನಲ್ಲಿ ಹೇಳಿದಳು. ಹೇಳಿ, ನನ್ನ ಭುಜಕ್ಕೆ ತಲೆಯಿಟ್ಟು ಬನಹಟ್ಟಿ ಬರುವವರೆಗೂ ನಿದ್ದೆ ಮಾಡಿದಳು. ನನಗೆ ಅಳು ಕೂಡ ಬರಲಿಲ್ಲ, ಅಷ್ಟು ದಣಿದಿದ್ದೆ.

ನಿಶ್ಚಯಕ್ಕೆ ನಾನು ಬರುವುದು ಬೇಡವೆಂದು ನಿನ್ನ ಯಜಮಾನರು ಫೋನ್ ಮಾಡಿದ್ದರು. “ತಪ್ಪು ತಿಳೀಬ್ಯಾಡ್ರಿ, ಬೀಗರು ನೋಡಿದ್ರ ನಾಳೆ ಹುಡುಗೀಗೂ ಬರತೈತಿ ಅಂತಾರ,” ಎಂದರು. ಅವರೂ ಹೆಣ್ಣು ಹೆತ್ತವರು, ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ನನಗಿಲ್ಲ. ಅವ್ವನನ್ನು ಬಸ್ ಹತ್ತಿಸಿ ಕಳಿಸುತ್ತೇನೆ. ಶ್ರೀದೇವಿಗೆಂದು ನೇಯ್ದ ಸೀರೆ ಅವ್ವನ ಚೀಲದಲ್ಲಿರುತ್ತದೆ.

ಹುಡುಗಿಯ ಬಾಳು ತಂಪಾಗಿರಲಿ. ಮನೆಯ ಹಿರಿಯರಿಗೆ ನನ್ನ ಶರಣು ತಿಳಿಸು.

ನಿನ್ನ ಅಕ್ಕ,
ವಿಜಯಾ

ತಾ.ಕ.: ಬರೆದದ್ದನ್ನು ಓದಿ ಹೇಳು ಎಂದು ಅವ್ವ ಕೂತಳು. ಕೊನೆಗೆ, “ಇಬ್ಬರನ್ನೂ ಕೂಡೇ ಹೊತ್ತೇನಿ. ಒಬ್ಬಾಕೀನ್ನ ಮನ್ಯಾಗ ಬಿಟ್ಟು ನಾ ಎಲ್ಲಿಗೂ ಹೋಗಾಂಗಿಲ್ಲ,” ಎಂದಳು. ಶುಕ್ರವಾರ ನಿಶ್ಚಯಕ್ಕೆ ಇಬ್ಬರೂ ಬರುತ್ತೇವೆ. ಡಾಕ್ಟರಮ್ಮ ಹೇಳಿದ್ದನ್ನು ಬೀಗರಿಗೆ ನಾನೇ ಹೇಳುತ್ತೇನೆ. ನಿಮ್ಮ ಬೀಳಗಿ ಬಸ್ ಸ್ಟ್ಯಾಂಡಿಗೆ ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ.