ಸೂಜಿಯ ವಿಷಯದಲ್ಲಿ ಅವ್ವನಿಗೆ ಅರಿಕೆ

ನವಿ ಪೇಠ, ಸೊಲ್ಲಾಪುರ
೧೯೫೬

ಕುರನೂರಿನ ಸಮಸ್ತ ಕುರಿಗಳ ಮಹಾರಾಣಿ, ಬೀರೋಬಾನ ಪರಮಭಕ್ತೆ, ಅಖಂಡ ಸೌಭಾಗ್ಯವತಿ ಮುಕ್ತಾಬಾಯಿ ಅವ್ವನವರ ಪಾದಗಳಿಗೆ ಸಕ್ಕರೆ ರೋಗದ ಸರದಾರ ಅಮೋಗಸಿದ್ಧನ ಸಾಷ್ಟಾಂಗ ನಮಸ್ಕಾರಗಳು.

ದಿನಾ ನನಗೆ ಇನ್ಸುಲಿನ್ ಸೂಜಿ ಹಾಕುವ ಕಂಪೌಂಡರರು ಸೋಮವಾರ ತಮ್ಮ ಊರಿಗೆ ಹೋಗುತ್ತಾರೆ. ಅದಕ್ಕೆ ಕುರಿ ಬಿಟ್ಟು ನೀನೇ ಸೂಜಿ ಹಾಕಲು ಬರುತ್ತೀಯೆಂದು ಮಾವ ಹೇಳಿದರು. ಬರುವ ಅಗತ್ಯವಿಲ್ಲ. ಹದಿನೈದು ತುಂಬಿದ ಗಂಡಸು ನಾನು. ಸೂಜಿ ಕುದಿಸುತ್ತೇನೆ, ಔಷಧ ಅಳೆಯುತ್ತೇನೆ, ತೊಡೆಗೆ ನಾನೇ ಚುಚ್ಚಿಕೊಳ್ಳುತ್ತೇನೆ.

ಹೋದ ಸಲ ಸೂಜಿ ಹಾಕುವುದನ್ನು ಕಲಿಯಲು ಬಂದಾಗ, ಕುದಿಸಿಟ್ಟ ಸೂಜಿಗೆ ನೀನು ಬೀರೋಬಾನ ಭಂಡಾರದ ಅರಿಶಿನಪುಡಿ ಹಚ್ಚಿದೆ. "ಅವ್ವಾರ, ಈಗ ದೇವ್ರನ್ನೂ ಕುದಸಬೇಕೇನ್ರಿ?" ಎಂದು ಕಂಪೌಂಡರರು ಕೇಳಿದ್ದು ಪೇಠೆಗೆಲ್ಲ ಗೊತ್ತಾಗಿದೆ. ಮೇಲಾಗಿ, ಸೂಜಿ ಹಾಕುವಾಗ ನೀನು ನನ್ನನ್ನು ಟಗರಿನಂತೆ ಮೊಣಕಾಲುಗಳ ನಡುವೆ ಒತ್ತಿ ಹಿಡಿಯುತ್ತೀ. ಇದು ಮರ್ಯಾದೆಯ ಪ್ರಶ್ನೆ.

ಜೋಳದ ಹಿಟ್ಟು ಮಾತ್ರ ಕಳಿಸು.

ಓದಿ ಹೇಳುತ್ತಿರುವ ಮಾಸ್ತರರೇ, ಇಲ್ಲಿಂದ ದನಿ ತಗ್ಗಿಸಿರಿ, ಅಪ್ಪನಿಗೆ ಕೇಳಿಸಬಾರದು.

ಅವ್ವ, ಇಲ್ಲಿಯವರೆಗೆ ನಾನು ಸೂಜಿ ಚುಚ್ಚಿದ್ದು ಬದನೆಕಾಯಿಗೆ ಮಾತ್ರ. ರವಿವಾರದ ಮೊದಲ ಬಸ್ಸಿಗೇ ಬಾ.

ನಿನ್ನ ಮಗ,
ಅಮೋಗಸಿದ್ಧ