ಎತ್ತಲಾಗದ ಅಕ್ಕ

ಮಂಗಳವಾರ, ಆಗಸ್ಟ್ ೧೨

ಆ ಡಾಕ್ಟರು ಅಕ್ಕನನ್ನು ಕೇಳಿದ ಪ್ರಶ್ನೆ ಇನ್ನೂ ತಲೆ ಕೊರೆಯುತ್ತಿದೆ: "ಇಷ್ಟು ತೂಕ ಏರೋವರೆಗೂ ಏನಮ್ಮ ಮಾಡ್ತಿದ್ರಿ?" ಕೂತು ತಿಂದು ಕೊಬ್ಬಿದವಳು ಅಂದುಕೊಂಡನೇನು?

"ಗಿರಣಿ ಗೇಟಿಗೆ ಅಡ್ಡ ಕೂತಿದ್ದೆ ಕಣಪ್ಪ," ಅಂದಳು ಅಕ್ಕ.

ಸತ್ಯವನ್ನೇ ಹೇಳಿದಳು. ನಾವು ಗಿರಣಿ ಕೆಲಸಗಾರರು ಹೂಡುತ್ತಿದ್ದ ಧರಣಿಯಲ್ಲಿ ಮೊದಲ ಸಾಲು ಯಾವಾಗಲೂ ಅವಳದ್ದೇ. ಪೊಲೀಸರು ಎತ್ತಲು ಬಂದರೆ ಮೈ ಸಡಿಲ ಬಿಡಬೇಕು, ಆಗ ಹೊರುವವರಿಗೆ ಭಾರ ದುಪ್ಪಟ್ಟು. ನಮಗೆಲ್ಲ ಅದನ್ನು ಕಲಿಸಿದವಳೇ ಅವಳು. "ಕ್ರೇನ್ ತರಿಸ್ರಪ್ಪಾ!" ಎಂದು ಅವರನ್ನು ರೇಗಿಸುತ್ತಿದ್ದರೆ ಇಡೀ ಬೀದಿ ನಗುತ್ತಿತ್ತು. ಎಂಥ ದಿನಗಳು ಅವು! ನಮಗೆ ಕೋಟೆಯಾಗಿದ್ದ ಅದೇ ಮೈ ಈಗ ನಿದ್ದೆಯಲ್ಲಿ ಅವಳ ಉಸಿರು ಕಟ್ಟಿಸುತ್ತಿದೆ. ತೂಕ ಇಳಿಸುವ ಆಪರೇಷನ್ನನ್ನು ಅವಳ ಹೃದಯ ತಡೆಯುತ್ತದೋ ಇಲ್ಲವೋ ಎಂಬ ಪರೀಕ್ಷೆ ಇವತ್ತು.

ಸ್ಕ್ಯಾನ್ ಮಾಡುವ ಮಂಚಕ್ಕೆ ಹತ್ತಿಸಲು ಇಬ್ಬರು ಆಯಾಗಳು ಅವಳ ಕಂಕುಳಿಗೆ ಕೈ ಹಾಕಿದರು. ಅಕ್ಕ ಹಳೇ ಅಭ್ಯಾಸದಂತೆ ಮೈ ಸಡಿಲ ಬಿಟ್ಟೇಬಿಟ್ಟಳು! ಅವರು ತತ್ತರಿಸಿಹೋದರು.

"ಅಕ್ಕಾ, ಮೈ ಬಿಗಿ ಹಿಡಿಯೇ! ಇವರು ಪೊಲೀಸರಲ್ಲ, ನಮ್ಮವರು!" ಎಂದು ಕೂಗಿದೆ.

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಒಬ್ಬ ಆಯಾಳ ಹೆಗಲು ಹಿಡಿದು, "ಎತ್ತು ತಾಯಿ, ಈ ಸಲ ನಾನಾಗೇ ಬರ್ತೀನಿ," ಅಂದಳು.

ಹೃದಯ ಗಟ್ಟಿಯಿದೆಯಂತೆ. ಆಪರೇಷನ್ ಮಾಡುತ್ತಾರಂತೆ. ಮಾಡಲಿ, ಅವಳು ಉಸಿರಾಡಲಿ, ಬದುಕಲಿ. ಆದರೂ ಆ ಗೇಟಿನ ಮುಂದೆ, ಸುಡುವ ಬಿಸಿಲಲ್ಲಿ ಅವಳ ನೆರಳಿಗೇ ಕೂರುತ್ತಿದ್ದ ನನಗೆ, ಆ ಅಗಲ ಬೆನ್ನು ಇನ್ನು ಕಾಣಸಿಗದಲ್ಲ ಅಂತ...