ಅಟ್ಟದ ಕೆಳಗೆ ಬೇಡ, ಒಗೆಯೋ ಕಲ್ಲಿನ ಮೇಲೆ

ಈರೇಶಣ್ಣ,

ಡ್ಯೂಟಿಗೆ ಹೊರಟಿದ್ದೀನಿ. ಕರೆಂಟು ಹನ್ನೊಂದಕ್ಕೆ ಬರುತ್ತಂತೆ, ನನ್ನ ರಿಮೋಟ್ ಹೆಲಿಕಾಪ್ಟರಿನ ಹೊಸ ಬ್ಯಾಟರೀನ ನೀನೇ ಚಾರ್ಜಿಗೆ ಹಾಕಬೇಕು. ಏನೇ ಆಗಲಿ, ಸಂಜೆ ಶೆಟ್ಟಿಕೆರೆ ಬಯಲಲ್ಲಿ ಹಾರಿಸಿಯೇ ಹಾರಿಸುತ್ತೀನಿ.

ಮೊನ್ನೆಯ ಹಾಗೆ ಅಟ್ಟದ ಕೆಳಗೆ ಮಾತ್ರ ಬೇಡ. ಮೇಲೆ ವರ್ಷದ ಕಾಯಿ ಕೊಬ್ಬರಿಯಾಗುತ್ತಾ ಇದೆ. ಅಪ್ಪ ಒಂದು ಬೀಡಿ ಹಚ್ಚೋಕೂ ಅಂಗಳಕ್ಕೆ ಹೋಗ್ತಾರೆ, ನೀನು ಅಲ್ಲೇ ಪ್ಲಗ್ಗು ಹಾಕಿ ಟೀ ಅಂಗಡಿಗೆ ಹೋಗಿದ್ದೆಯಲ್ಲ! ವೈರನ್ನು ಕಿಟಕಿಯಿಂದ ಆಚೆ ಎಳೆದು, ನೆರಳಲ್ಲಿರೋ ಒಗೆಯೋ ಕಲ್ಲಿನ ಮೇಲಿಡು. ಬ್ಯಾಟರಿಗೆ ಬೆಂಕಿ ಹತ್ತಿದರೆ ಸುರಿಯೋಕೆ ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟಿದ್ದೀನಿ.

ದಪ್ಪ ವೈರಿನ ಜೊತೆ ಬಿಳಿ ಸಣ್ಣ ಪ್ಲಗ್ಗನ್ನೂ ಸಿಕ್ಕಿಸು. ಒಳಗಿನ ಮೂರು ಸೆಲ್ಲೂ ಸಮನಾಗಿ ತುಂಬೋದು ಅದರಿಂದಲೇ. ಮೊನ್ನೆ ನೀನು "ಅದ್ಯಾಕೆ, ಬುಡು" ಅಂದೆ, ಹಳೇ ಬ್ಯಾಟರೀಲಿ ಒಂದು ಸೆಲ್ಲು ಪೂರಿ ಹಾಗೆ ಉಬ್ಬಿತು. ಚಾರ್ಜರಲ್ಲಿ "ಬ್ಯಾಲೆನ್ಸ್" ಅಂತಿರೋದನ್ನೇ ಒತ್ತು, 2.2 ಆಂಪಿಯರ್ ದಾಟಿಸಬೇಡ. ಮೂರೂ ಸೆಲ್ಲು 4.2 ವೋಲ್ಟ್ ತೋರಿಸೋವರೆಗೆ ಅಲ್ಲೇ ಕೂತಿರು. ಪಕ್ಕದ ಮನೆ ಜಯಕ್ಕ ಮಾತಿಗೆ ಕರೆದರೂ ಏಳಬೇಡ.

ಉಬ್ಬಿರೋದನ್ನು ಮರಳಿನ ಮಡಕೆಯಲ್ಲಿ ಹಿತ್ತಲಾಚೆ ಇಟ್ಟಿದ್ದೀನಿ. ದಮ್ಮಯ್ಯ, ಚುಚ್ಚಿ ನೋಡಬೇಡ.

ಮಡಕೆಗೆ ಹಾಕೋ ಮೊದಲೇ, ಬೆಳಿಗ್ಗೆ ಅಪ್ಪ ಅದನ್ನು ಅಟ್ಟದ ಕೆಳಗೇ ನೋಡಿಬಿಟ್ಟರು. "ಅಟ್ಟದ ಕೆಳ್ಗೆ ಇದ್ನ ಇಟ್ಟೋರು ಯಾರೇ? ಇನ್ನೊಂದ್ಸಲ ಹಿಂಗಾದ್ರೆ ಆ ಹೆಲಿಕಾಪ್ಟ್ರು ಈ ಮನೇಲಿರಾಕಿಲ್ಲ" ಅಂದರು.

ಇಟ್ಟಿದ್ದು ನಾನೇ ಅಂದುಬಿಟ್ಟೆ ಕಣಣ್ಣ. ಇವತ್ತು ಎದ್ದು ಹೋಗಬೇಡ.

ಕೋಮಲಾ